ಬಾನೆಟ್ಟಿನ ಮೇಲಿನ ಜಾಗ

ನಮ್ಮಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದ. ಬೆಳಿಗ್ಗೆ ಹೊಸಪೇಟೆಯಿಂದ ಸಂಡೂರಿಗೆ ಹೋಗಿ ಬಂದು, ಮಧ್ಯಾಹ್ನ ಉಂಡು, ಕಂಪ್ಲಿಯ ಕಡೆಗೆ ಬಸ್ಸು ತಿರುಗಿಸುತ್ತಿದ್ದ. ಆ ಕಾಲದ ಬಸ್ಸುಗಳಲ್ಲಿ ಎಂಜಿನ್ನು ಡ್ರೈವರನ ಪಕ್ಕದಲ್ಲಿ, ಒಳಗೇ ಇರುತ್ತಿತ್ತು. ಅದರ ಮೇಲೊಂದು ಉಬ್ಬಿದ ಮುಚ್ಚಳ, ಮುಚ್ಚಳಕ್ಕೆ ಕಪ್ಪು ರೆಕ್ಸಿನ್ನಿನ ಹೊದಿಕೆ. ಜನ ಅದನ್ನು ಬಾನೆಟ್ ಎನ್ನುತ್ತಿದ್ದರು. ಸೀಟು ಸಿಗದವರು, ಡ್ರೈವರನ ಗುರುತಿನವರು, ಮಕ್ಕಳು ಅದರ ಮೇಲೆ ಕೂರುತ್ತಿದ್ದರು. ಕೆಳಗಿನಿಂದ ಎಂಜಿನ್ನಿನ ಬಿಸಿ, ಮುಂದೆ ಇಡೀ ರಸ್ತೆ, ಪಕ್ಕದಲ್ಲಿ ಗೇರು ಹಾಕುವ ಅಪ್ಪನ ಕೈ.

ನಾನು ಮೂರನೇ ಇಯತ್ತೆಯಲ್ಲಿದ್ದಾಗ ಅಪ್ಪ ಕಾಮಾಲೆಯಾಗಿ ತೀರಿಕೊಂಡ. ಆಗ ನಾವು ಟಿ.ಬಿ. ಡ್ಯಾಂ ಹತ್ತಿರ ಬಾಡಿಗೆ ಮನೆಯಲ್ಲಿದ್ದೆವು. ಅವ್ವ ಆ ಮನೆ ಬಿಟ್ಟು ಕಡ್ಡಿರಾಂಪುರಕ್ಕೆ ಬಂದು, ಹಂಪಿಗೆ ಹೋಗುವ ರಸ್ತೆಯ ಬದಿಗೆ ತಗಡಿನ ಶೀಟು ಹಾಕಿಸಿ, ಒಗ್ಗಾಣಿ ಮಿರ್ಚಿಯ ಹೋಟೆಲು ಇಟ್ಟಳು. ನಮ್ಮ ಕಡೆ ಬೆಳಗಾಗುವುದೇ ಒಗ್ಗರಣೆ ಹಾಕಿದ ಮಂಡಕ್ಕಿ ಮತ್ತು ಬಿಸಿ ಮೆಣಸಿನಕಾಯಿ ಬಜ್ಜಿಯಿಂದ. ಹಾಗಾಗಿ ಹೋಟೆಲು ನಿಂತಿತು, ನಾವೂ ನಿಂತೆವು. ಅಕ್ಕನ ಮದುವೆ ಕಂಪ್ಲಿಗೆ ಆಯಿತು. ನಾನು ಓದಿ ಹೊಸಪೇಟೆಯ ಒಂದು ಕಾಲೇಜಿನಲ್ಲಿ ಕನ್ನಡ ಮೇಡಂ ಆದೆ.

ಅವ್ವ ಮಾತು ಕಡಿಮೆಯ ಹೆಂಗಸು ಅಂತ ಯಾರಾದರೂ ತಿಳಿದುಕೊಂಡರೆ ಅದು ತಪ್ಪು. ಬಾಣಲೆಯ ಮುಂದೆ ನಿಂತು ದಿನವಿಡೀ ಮಾತಾಡುತ್ತಾಳೆ. ಬಾಳೆಗೊನೆಯ ಲಾರಿಯವರ ಜೊತೆ, ಹಂಪಿಗೆ ಬಂದ ಫಾರಿನ್ನಿನವರ ಜೊತೆ, ಕೊನೆಗೆ ಯಾರೂ ಇಲ್ಲದಿದ್ದರೆ ಕಡಲೆಹಿಟ್ಟಿನ ಜೊತೆ. ಆದರೆ ಅವಳ ಅಷ್ಟೆಲ್ಲ ಮಾತಿನಲ್ಲಿ ಅಪ್ಪ ಇರಲಿಲ್ಲ. ನಾವು ಚಿಕ್ಕವರಿದ್ದಾಗ ಏನಾದರೂ ಕೇಳಿದರೆ, "ಹೊತ್ತಾತು, ಈರುಳ್ಳಿ ಹೆಚ್ಚರಿ" ಎನ್ನುತ್ತಿದ್ದಳು. ಹೀಗೆ ವರ್ಷಗಟ್ಟಲೆ ಈರುಳ್ಳಿ ಹೆಚ್ಚಿ ನಾವಿಬ್ಬರೂ ಕೇಳುವುದನ್ನೇ ಬಿಟ್ಟೆವು. ನಾನಂತೂ ನನ್ನ ಪಾಲಿಗೆ ಉಳಿದಿದ್ದ ಚೂರುಪಾರನ್ನು ಒಳಗೇ ಇಟ್ಟುಕೊಂಡು ಬೆಳೆದೆ. ಡೀಸಲ್ಲಿನ ವಾಸನೆಯ ಖಾಕಿ ಅಂಗಿ. ಗೇರಿನ ಗುಂಡು ತಲೆಯ ಮೇಲೆ ಸವೆದ ಅಂಗೈ. ಸಂಡೂರಿನ ಕೆಂಪು ಧೂಳು ಕೂತ ಹುಬ್ಬು.

ಕವಿತೆ ಬರೆಯಲು ಶುರು ಮಾಡಿದಾಗಲೂ ನಾನು ಅಪ್ಪನ ಹತ್ತಿರ ಹೋಗಲಿಲ್ಲ. ಮೊದಲು ಬರೆದದ್ದೆಲ್ಲ ಹಂಪಿಯ ಕಲ್ಲುಗಳ ಮೇಲೆ. ಹೊಸಪೇಟೆಯಲ್ಲಿ ಕವಿತೆ ಬರೆಯುವ ಯಾರೂ ಹಂಪಿಯ ಕಲ್ಲನ್ನು ಬಿಟ್ಟವರಲ್ಲ. ಅವು ಅಲ್ಲೇ ಇವೆ, ಎದುರು ಮಾತಾಡುವುದಿಲ್ಲ. ಒಂದು ತೆಳ್ಳನೆಯ ಸಂಕಲನವೂ ಬಂತು. ಅಕ್ಕ ಅದನ್ನು ಓದಿ, "ಕಲ್ಲು ಭಾಳ ಅದಾವು" ಅಂದಳು.

ಅಪ್ಪನ ಮೇಲಿನ ಕವಿತೆ ಬಂದದ್ದು ಹೋದ ವರ್ಷ, ಸಂಡೂರಿನ ಬಸ್ಸಿನಲ್ಲಿ. ಯಾವುದೋ ಪರೀಕ್ಷೆಯ ಕೆಲಸಕ್ಕೆ ಹೊರಟಿದ್ದೆ. ಈಗಿನ ಬಸ್ಸುಗಳಲ್ಲಿ ಡ್ರೈವರನನ್ನು ಗಾಜಿನ ಗೋಡೆಯ ಹಿಂದೆ ಕೂರಿಸಿರುತ್ತಾರೆ. ಅವನ ಪಕ್ಕ ಯಾರೂ ಹೋಗುವಂತಿಲ್ಲ. ಮುಂದಿನ ಸೀಟಿನಲ್ಲಿ ಕೂತು ಆ ಗಾಜಿನೊಳಗೆ ನೋಡುತ್ತಿದ್ದಾಗ, ಬೆಟ್ಟದ ಮೊದಲ ತಿರುವಿಗೆ ಬಸ್ಸು ಗೇರು ಬದಲಿಸಿತು. ಆ ಸದ್ದಿಗೆ ನನ್ನ ಅಂಗಾಲುಗಳು ಬೆಚ್ಚಗಾದವು. ಇದು ಉತ್ಪ್ರೇಕ್ಷೆಯಲ್ಲ. ಚಪ್ಪಲಿಯೊಳಗೆ ಕಾಲು ನಿಜವಾಗಿ ಬೆಚ್ಚಗಾಯಿತು. ಸಂಡೂರು ಮುಟ್ಟುವಷ್ಟರಲ್ಲಿ ಮೊಬೈಲಿನಲ್ಲಿ ಕವಿತೆ ಬರೆದು ಮುಗಿಸಿದ್ದೆ. ಅದರ ನಡುವಿನ ಸಾಲುಗಳು ಹೀಗಿದ್ದವು:

ಏರಿಗೆ ಎಂಜಿನ್ನು ಏದುಸಿರು ಬಿಡುವಾಗ
ಅಪ್ಪ ಹಾಡುತ್ತಿದ್ದ.
ಬಾನೆಟ್ಟಿನ ಬಿಸಿಗೆ ಬೆಚ್ಚಗಾದವು ನನ್ನ ಕಾಲು,
ಹಾಡಿನ ಬಿಸಿಗೆ ಕಿವಿ.

ಅದಾದ ಕೆಲವು ವಾರಗಳಿಗೆ ಹೊಸಪೇಟೆಯ ಗ್ರಂಥಾಲಯದಲ್ಲಿ ಕವಿತೆ ಓದುವ ಗೆಳೆಯರ ಭಾನುವಾರದ ಕೂಟದವರು ನನ್ನನ್ನು ಮಾತಾಡಲು ಕರೆದರು. ಕವಿಗಳು ಬಾಲ್ಯ, ಮನೆ, ಅಗಲಿದವರು ಇವನ್ನೆಲ್ಲ ಹೇಗೆ ನೆನೆಯುತ್ತಾರೆ ಎಂಬುದು ವಿಷಯ. ಅಕ್ಕ ತನ್ನ ಗಂಡನ ಮನೆಯಲ್ಲೊಂದು ಮದುವೆ ಇದ್ದದ್ದರಿಂದ ಸೀರೆ ತರಲು ಕಂಪ್ಲಿಯಿಂದ ಬಂದಿದ್ದಳು. "ನಾವೂ ಬರ್ತೀವಿ, ನೀನು ಮೈಕಿನಾಗ ಏನು ಮಾತಾಡ್ತಿ ನೋಡೂಣು" ಅಂತ ಅವ್ವನನ್ನೂ ಎಬ್ಬಿಸಿಕೊಂಡು ಬಂದಳು. ಅವ್ವ ಅವತ್ತು ಹೋಟೆಲಿಗೆ ಬೇಗ ಬೀಗ ಹಾಕಿದಳು. ನನ್ನ ಮಾತು ಕೇಳಲು ಅವರಿಬ್ಬರೂ ಬಂದದ್ದು ಅದೇ ಮೊದಲು.

ನಾನು ಚೆನ್ನಾಗಿಯೇ ಮಾತಾಡಿದೆ ಅಂತ ಈಗಲೂ ಅಂದುಕೊಂಡಿದ್ದೇನೆ. ಕವಿಯ ಕೈಗೆ ಬಾಲ್ಯ ಇಡಿಯಾಗಿ ಸಿಗುವುದಿಲ್ಲ, ಒಂದು ವಾಸನೆಯಾಗಿ, ಒಂದು ಬಣ್ಣವಾಗಿ ಸಿಗುತ್ತದೆ ಅಂದೆ. ಮನೆಯವರ ಬಗ್ಗೆ ಬರೆಯುವುದು ಎಲ್ಲಕ್ಕಿಂತ ಕಷ್ಟ, ಯಾಕೆಂದರೆ ಅವರು ನಮಗೆ ಗೊತ್ತು ಅಂತ ನಾವು ನಂಬಿರುತ್ತೇವೆ ಅಂದೆ. ಚಿಕ್ಕಂದಿನಲ್ಲೇ ಅಪ್ಪನನ್ನೋ ಅವ್ವನನ್ನೋ ಕಳೆದುಕೊಂಡವರಿಗೆ ನೆನಪುಗಳು ಎಣಿಕೆಗೆ ಸಿಗುವಷ್ಟೇ ಇರುತ್ತವೆ, ಅದಕ್ಕೇ ಅವರು ಒಂದೊಂದನ್ನೂ ಮತ್ತೆ ಮತ್ತೆ ತೆಗೆದು ಒರೆಸಿ ಇಡುತ್ತಾರೆ, ಒರೆಸಿ ಒರೆಸಿ ಅದರ ಬಣ್ಣವೇ ಬೇರೆಯಾಗಿರುತ್ತದೆ ಅಂತಲೂ ಹೇಳಿದೆ. ಕೊನೆಯಲ್ಲಿ ಬಸ್ಸಿನ ಕವಿತೆ ಓದಿದೆ. ಚಪ್ಪಾಳೆ ಬಿತ್ತು. ಅಧ್ಯಕ್ಷರು, "ಪ್ರಶ್ನೆಗಳಿದ್ದರೆ ಕೇಳಬಹುದು" ಅಂದರು.

ಅಕ್ಕ ಎದ್ದು ನಿಂತಳು.

"ನಾನು ಈಕಿ ಅಕ್ಕ," ಅಂದಳು, ಸಭೆಯ ಕಡೆ ತಿರುಗಿ. "ಕವಿತಿ ಚಲೋ ಐತಿ. ಈ ಸಲ ಕಲ್ಲಿಲ್ಲ. ಆದ್ರ ಬಾನೆಟ್ ಮ್ಯಾಲೆ ಕುಂದ್ರತಿದ್ದಾಕಿ ನಾನು. ಈಕಿ ಹಿಂದ ಅವ್ವನ ತೊಡಿ ಮ್ಯಾಲೆ ಕುಂತು ವಾಂತಿ ಮಾಡ್ಕೊಂತಿದ್ಲು."

ಸಭೆ ನಕ್ಕಿತು. ನನ್ನ ವಿದ್ಯಾರ್ಥಿನಿಯರು ಸಾಲಾಗಿ ಕೂತಿದ್ದರು. ಅವರು ನಗಬಾರದೆಂದು ಬಾಯಿಗೆ ದುಪಟ್ಟಾ ಒತ್ತಿಕೊಂಡಿದ್ದರು.

"ಇನ್ನೊಂದು ಮಾತು," ಅಂದಳು ಅಕ್ಕ. "ಅಪ್ಪ ಹಾಡ್ತಿದ್ದಿಲ್ಲ. ಸಿಳ್ಳಿ ಹೊಡಿತಿದ್ದ, ಅದೂ ಎಮ್ಮಿ ಅಡ್ಡ ಬಂದ್ರ. ಹಾಡ್ತಿದ್ದಾವ ಕಂಡಕ್ಟರ್ ಮಾಮ."

ನಾನು ಮೈಕು ಹಿಡಿದುಕೊಂಡು, ಕವಿತೆ ಕೋರ್ಟಿನಲ್ಲಿ ಹೇಳುವ ಸಾಕ್ಷಿಯಲ್ಲ, ನೆನಪಿಗೆ ಅದರದೇ ಸತ್ಯವಿರುತ್ತದೆ ಅಂತೆಲ್ಲ ಹೇಳತೊಡಗಿದೆ. ತರಗತಿಯಲ್ಲಿ ನೂರು ಸಲ ಹೇಳಿದ ಮಾತು. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ಅದೆಲ್ಲ ಖರೇನ ಇರ್ಬೇಕು. ನನ್ನ ಸೀಟು ಯಾಕ ತಗೊಂಡಿ?"

ಮುಂದಿನ ಸಾಲಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಕೂತಿದ್ದರು. ಅವರು ಕೂತಲ್ಲಿಂದಲೇ ಹೇಳಿದರು: "ಬಸ್ಸಿನಾಗ ಟವಲ್ ಹಾಕಿದವ್ರದ್ದ ಸೀಟು, ತಂಗಿ. ಈಕಿ ಕವಿತಿ ಹಾಕಿ ಹಿಡದಾಳ. ಈಗ ನೀನೂ ಒಂದು ಬರಿ."

ಅಧ್ಯಕ್ಷರು ನಗುತ್ತಲೇ ವಂದನಾರ್ಪಣೆ ಮುಗಿಸಿಬಿಟ್ಟರು. ನಾನೂ ನಗುತ್ತಿದ್ದೆ, ಆದರೆ ಒಳಗೆ ಏನೋ ಕುಸಿದಿತ್ತು. ಅಪ್ಪನದೆಂದು ನನ್ನಲ್ಲಿದ್ದ ಅತಿ ದೊಡ್ಡ ನೆನಪೇ ನನ್ನದಲ್ಲ ಅಂತಾದರೆ, ಉಳಿದವುಗಳ ಗತಿಯೇನು? ಖಾಕಿ ಅಂಗಿಯ ವಾಸನೆಯಾದರೂ ನನ್ನದೋ, ಅದೂ ಅಕ್ಕ ಹೇಳಿದ್ದೋ? ಹಿಂದಿನ ಸಾಲಿನಲ್ಲಿ ಕೂತಿದ್ದ ಅವ್ವನ ಮುಖ ನೋಡಿದೆ. ಅವಳು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಆಟೋದಲ್ಲಿ ವಾಪಸ್ಸು ಹೋಗುವಾಗ ಒಂದೇ ಮಾತು ಹೇಳಿದಳು: "ಮೈಕಿನಾಗ ನಿನ್ನ ಧ್ವನಿ ಚಲೋ ಕೇಳ್ತತಿ."

ಮರುದಿನ ಬೆಳಿಗ್ಗೆ ಅವ್ವನ ಹೋಟೆಲಿನಲ್ಲಿ ಜಗಳ ಮುಂದುವರಿಯಿತು. ಅಕ್ಕ ಮಂಡಕ್ಕಿ ತೊಳೆದು ಹಿಂಡುತ್ತಾ, ನಾನು ಪ್ಲೇಟು ಒರೆಸುತ್ತಾ ಜಗಳಾಡಿದೆವು. ಬೆಂಚಿನ ಮೇಲೆ ಕೂತಿದ್ದ ಫಾರಿನ್ನಿನ ಗಂಡಹೆಂಡತಿ ಮಿರ್ಚಿಯ ಖಾರಕ್ಕೆ ಕಣ್ಣಲ್ಲಿ ನೀರು ತುಂಬಿಕೊಂಡೇ ನಮ್ಮನ್ನು ಕುತೂಹಲದಿಂದ ನೋಡುತ್ತಿದ್ದರು.

"ಬಾನೆಟ್ ಮ್ಯಾಲೆ ಒಂದು ಹರಿದ ಜಾಗ ಇತ್ತು," ಅಂದೆ ನಾನು. "ಅದರಾಗಿಂದ ತೆಂಗಿನ ನಾರು ಹೊರಗ ಬಂದಿತ್ತು. ನಾನು ಕುಂತಿದ್ದಿಲ್ಲಂದ್ರ ನನಗ ಹೆಂಗ ಗೊತ್ತಾಕ್ಕೈತಿ?"

"ನಾನು ಹೇಳೇನಿ. ಆ ನಾರು ಕಿತ್ತು ಕಿತ್ತು ನಾನು ಬೈಸ್ಕೊಂಡೇನಿ."

"ನೀನು ಹೇಳಿದ್ದು ನನಗ ನೆನಪಿಲ್ಲ."

"ಹೌದು, ನಿನಗ ಬೇಕಾದದ್ದಷ್ಟ ನೆನಪಿರ್ತದ. ಕವಿ ಅಲ್ಲೇನು ನೀನು?"

ಅವ್ವ ಬಾಣಲೆಯಲ್ಲಿ ಮಿರ್ಚಿ ತಿರುವುತ್ತಿದ್ದಳು. ಈಗ ಈರುಳ್ಳಿ ಹೆಚ್ಚಲು ಹೇಳುತ್ತಾಳೆ ಅಂತ ನಾನು ಕಾಯುತ್ತಿದ್ದೆ. ಅವಳು ಜಾಲರಿ ಸೌಟನ್ನು ಬಾಣಲೆಯ ಅಂಚಿಗೆ ಕುಟ್ಟಿ ಎಣ್ಣೆ ಇಳಿಸಿದಳು.

"ಇಷ್ಟು ಕಿತ್ಯಾಡೂದು ಯಾಕ? ಕಂಡಕ್ಟರ್ ಇನ್ನೂ ಅದಾರ. ಅವ್ರನ್ನ ಕೇಳ್ರಿ."

ನಾವಿಬ್ಬರೂ ಒಟ್ಟಿಗೇ ತಿರುಗಿದೆವು.

"ಕಂಡಕ್ಟರ್ ಮಾಮ? ಎಲ್ಲಿ ಅದಾನ?"

"ವಡ್ಡಿನಾಗ. ಅವ್ರ ಊರ ಅದು. ಯುಗಾದಿಗೊಮ್ಮಿ ಫೋನ್ ಮಾಡ್ತಾರಲ್ಲ."

"ಯಾರಿಗೆ?"

"ನನಗ. ಇನ್ಯಾರಿಗೆ?" ಅಂದಳು ಅವ್ವ, ಮುಂದಿನ ಮೆಣಸಿನಕಾಯಿಯನ್ನು ಹಿಟ್ಟಿಗೆ ಅದ್ದುತ್ತಾ.

ಅಪ್ಪನ ಬದುಕಿನಿಂದ ಅವ್ವನ ಫೋನಿಗೆ ವರ್ಷಕ್ಕೊಮ್ಮೆ ಒಂದು ಕರೆ ಬರುತ್ತಿತ್ತು. ಅದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ನಾವು ಕೇಳುವುದನ್ನು ಬಿಟ್ಟಿದ್ದೆವು, ಅವಳು ಹೇಳುವುದನ್ನು ಬಿಟ್ಟಿದ್ದಳು. ಅಷ್ಟೇ. ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ.

ಮುಂದಿನ ಭಾನುವಾರ ಮೂವರೂ ವಡ್ಡಿಗೆ ಹೊರಟೆವು. ಅವ್ವ ಸ್ಟೀಲಿನ ಡಬ್ಬಿಯ ತುಂಬ ಮಿರ್ಚಿ ಕಟ್ಟಿಕೊಂಡಿದ್ದಳು. "ಅವ್ರಿಗೆ ಭಾಳ ಸೇರ್ತಾವು" ಅಂದಳು. ಇದೂ ನಮಗೆ ಹೊಸ ಸುದ್ದಿ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಲು ಅಕ್ಕ ನನ್ನನ್ನು ಬಿಟ್ಟಳು. "ತಗೋ, ಈ ಸೀಟು ನಿಂದು, ಖರೇನ ನಿಂದು" ಅಂತ ಚುಚ್ಚಿದಳು. ರಸ್ತೆಯುದ್ದಕ್ಕೂ ಉಕ್ಕಿನ ಕಾರ್ಖಾನೆಗೆ ಅದಿರು ಹೊರುವ ಲಾರಿಗಳು. ದೂರದಲ್ಲಿ ಚಿಮಣಿಗಳು. ಮುಖ್ಯರಸ್ತೆಯಲ್ಲಿ ಇಳಿದು ಆಟೋ ಹಿಡಿದು ಊರೊಳಗೆ ಹೋದಾಗ, ಜೋಳದ ಹೊಲದ ಅಂಚಿನ ಮನೆಯೊಂದರಿಂದ ಕ್ರಿಕೆಟ್ ಮ್ಯಾಚಿನ ಸದ್ದು ಬೀದಿಗೆಲ್ಲ ಕೇಳುತ್ತಿತ್ತು. "ಅದ ಇರ್ಬೇಕು, ಅವ್ರಿಗೆ ಈಗ ಕಿವಿ ಸ್ವಲ್ಪ ಮಂದ" ಅಂದಳು ಅವ್ವ.

ಕಂಡಕ್ಟರ್ ಮಾಮ ನನ್ನ ನೆನಪಿನಲ್ಲಿ ಎತ್ತರದ, ದಪ್ಪ ಮೀಸೆಯ ಮನುಷ್ಯ. ಬಾಗಿಲಿಗೆ ಬಂದವರು ನನ್ನ ಭುಜಕ್ಕೆ ಬರುವ, ಮೀಸೆಯೇ ಇಲ್ಲದ ಮುದುಕ. ಅವ್ವನನ್ನು ನೋಡಿ ಕೈ ಮುಗಿದರು.

"ಬರ್ರಿ ಅಕ್ಕಾರ, ಬರ್ರಿ. ಕುಂದ್ರಿ. ಇವ್ರೇನು ಹುಡುಗೇರು? ದೊಡ್ಡಾಕಿ ಯಾರು, ಸಣ್ಣಾಕಿ ಯಾರು? ಇಬ್ರೂ ಮುದುಕೇರ ಆಗ್ಯಾರಲ್ಲ."

ಅವರ ಸೊಸೆ ಚಹಾ ತಂದಳು, ಮಿರ್ಚಿಯನ್ನು ತಟ್ಟೆಗೆ ಹಾಕಿದಳು, ಹೋಗುವಾಗ ಟಿ.ವಿ.ಯ ಸದ್ದನ್ನೂ ಇಳಿಸಿದಳು. ಮಾಮ ಮಿರ್ಚಿ ಕಚ್ಚುತ್ತಾ ಅಪ್ಪನ ಬಗ್ಗೆ ಶುರು ಮಾಡಿದರು. ಯಾರೂ ಕೇಳುವ ಮೊದಲೇ. ಅಪ್ಪ ಬಸ್ಸಿಗೆ ದಿನಾ ಬೆಳಿಗ್ಗೆ ಕೈ ಮುಗಿದು, ಆಮೇಲೆ ಅದಕ್ಕೊಂದು ಬೈಗುಳ ಬೈದೇ ಸ್ಟಾರ್ಟ್ ಮಾಡುತ್ತಿದ್ದನಂತೆ. ಸಂಡೂರಿನ ಸಂತೆಯ ದಿನ ಒಬ್ಬ ಅಜ್ಜಿ ಹುಂಜದ ಸಮೇತ ಹತ್ತಿ, ಹುಂಜ ಹಾರಿ ಸ್ಟಿಯರಿಂಗ್ ಮೇಲೆ ಕೂತು, ಅಪ್ಪ ಬಸ್ಸು ನಿಲ್ಲಿಸಿ, "ಅಜ್ಜಿ, ನೀನ ಹೊಡಕೊಂಡು ಹೋಗು, ನಾನು ಹುಂಜ ಹಿಡ್ಕೊಂತೀನಿ" ಅಂದನಂತೆ. ನಾನು ನಕ್ಕು ನಕ್ಕು ಚಹಾ ಚೆಲ್ಲಿಕೊಂಡೆ. ನನ್ನ ಕವಿತೆಯ ಅಪ್ಪ ಗಂಭೀರ, ಸೌಮ್ಯ, ಸ್ವಲ್ಪ ದೇವರಂಥವನು. ಇವರು ಹೇಳುತ್ತಿದ್ದ ಮನುಷ್ಯನ ಜೊತೆ ಕೂತು ಚಹಾ ಕುಡಿಯಬಹುದಿತ್ತು.

ಅಕ್ಕ ತಡೆಯಲಾರದೆ ಕೇಳಿದಳು. "ಮಾಮಾ, ಒಂದು ನ್ಯಾಯ ಹೇಳ್ರಿ. ಬಾನೆಟ್ ಮ್ಯಾಲೆ ನಾನು ಕುಂದ್ರತಿದ್ನೋ, ಈಕಿ ಕುಂದ್ರತಿದ್ಲೋ?"

"ನೀನ ಕುಂದ್ರತಿದ್ದಿ. ಈಕಿ ವಾಂತಿ ಮಾಡ್ತಿದ್ಲು. ಮರಳು ಹಾಕಿ ಹಾಕಿ ನನಗ ಸಾಕಾಗಿತ್ತು."

ಅಕ್ಕ ನನ್ನ ಕಡೆ ನೋಡಿದ ನೋಟವನ್ನು ನಾನು ಇಲ್ಲಿ ವರ್ಣಿಸುವುದಿಲ್ಲ.

"ಹಾಡ್ತಿದ್ದದ್ದು?"

"ನಾನು. ಮಧ್ಯಾಹ್ನದ ಟ್ರಿಪ್ಪಿನಾಗ ಮಂದಿ ಮಕ್ಕೊಂಡುಬಿಡ್ತಿದ್ರು, ಸ್ಟಾಪ್ ಬಂದ್ರೂ ಏಳ್ತಿದ್ದಿಲ್ಲ. ಎಬ್ಬಸಾಕ ಹಾಡ್ತಿದ್ದೆ. ನಿಮ್ಮಪ್ಪಗ ಭಾಳ ನಾಚಿಕಿ. ಎಷ್ಟ್ ಹೇಳಿದ್ರೂ ಬಾಯಿ ತೆಗಿತಿದ್ದಿಲ್ಲ."

ಅಲ್ಲಿಗೆ ನನ್ನ ಕವಿತೆಯ ಎರಡೂ ಕಾಲು ಮುರಿದಂತಾಯಿತು. ಆಗ ಮಾಮ ತಲೆ ಕೆರೆದುಕೊಂಡರು.

"ಆದ್ರ ಒಂದು ಸಲ ನೀವು ಮೂರೂ ಮಂದಿ ಕುಂತಿದ್ರಿ ನೋಡ್ರಿ ಬಾನೆಟ್ ಮ್ಯಾಲೆ. ಅದು ನನಗ ಚಲೋ ನೆನಪೈತಿ."

"ಮೂರು ಮಂದಿ? ನಾವು ಇಬ್ರ ಮಾಮಾ," ಅಂದೆ.

"ಇಲ್ಲ ಇಲ್ಲ. ಮೂರು ಅಂತ ನಿಮ್ಮಪ್ಪನ ಹೇಳಿದ್ದ. 'ಟಿಕೆಟ್ ಮೂರು ಹರಿ' ಅಂತ ಚಾಷ್ಟಿ ಮಾಡಿದ್ದ."

ಮಾಮನಿಗೂ ವಯಸ್ಸಾಯಿತು ಎಂಬಂತೆ ಅಕ್ಕ ನನ್ನ ಕಡೆ ಕಣ್ಣು ಮಾಡಿದಳು. ಅಷ್ಟರಲ್ಲಿ ಅವ್ವ ನಗತೊಡಗಿದಳು. ಮೊದಲು ಸೆರಗು ಬಾಯಿಗೆ ಹಿಡಿದು, ಆಮೇಲೆ ಹಿಡಿಯಲಾರದೆ. ಅವ್ವ ಹಾಗೆ ನಕ್ಕದ್ದನ್ನು ನಾನು ಯಾವಾಗ ನೋಡಿದ್ದೆನೋ.

"ಅದು ಇವ್ರಿಬ್ರೂ ಅಲ್ರಿ," ಅಂದಳು ಮಾಮನಿಗೆ. "ಬಾನೆಟ್ ಮ್ಯಾಲೆ ಕುಂತಾಕಿ ನಾನು."

ಆಮೇಲೆ ಅವಳು ಹೇಳಿದ್ದನ್ನು ನಾನು ಅವಳ ಮಾತಿನಲ್ಲೇ ಬರೆಯಬೇಕು.

"ಕಂಪ್ಲಿಗೆ ನನ್ನ ತವರಮನಿಗೆ ಬಾಣಂತನಕ್ಕ ಹೊಂಟಿದ್ದೆ. ಸಂಜಿ ಟ್ರಿಪ್ಪು. ಬಸ್ಸು ಅರ್ಧಕ್ಕರ್ಧ ಖಾಲಿ. ದೊಡ್ಡಾಕಿ ಇನ್ನೂ ಸಣ್ಣ ಕೂಸು, ನನ್ನ ತೊಡಿ ಮ್ಯಾಲೆ ನಿದ್ದಿ. ಸಣ್ಣಾಕಿ ಹೊಟ್ಯಾಗ. ಹಿಂದ ಕುಂತ್ರ ಕುಲುಕ್ಯಾಡ್ತದ ಅಂತ ಅವ್ರು ನನ್ನ ಮುಂದ ಬಾನೆಟ್ ಮ್ಯಾಲೆ, ಕೌದಿ ಮಡಚಿ ಹಾಸಿ ಕುಂದ್ರಿಸಿದ್ರು. ಗದ್ದಿ ಎರಡೂ ಕಡಿ ಹಸರ ಇದ್ವು. ನನಗ ಹೆರಿಗಿ ಅಂದ್ರ ಅಂಜಿಕಿ, ಕಣ್ಣಾಗ ನೀರು ಬಂದಿತ್ತು. ಆವಾಗ ಹಾಡಿದ್ರು."

"ಅಪ್ಪ ಹಾಡಿದ?" ಅಂದಳು ಅಕ್ಕ.

"ಹಾಡಿದ್ರು. ಸಣ್ಣಗ. ನನಗಷ್ಟ ಕೇಳೂ ಹಂಗ. ಭಾಳ ಕೆಟ್ಟ ಹಾಡಿದ್ರು."

"ನನಗ ಕೇಳಿಲ್ಲ ಬಿಡ್ರಿ ಅದು," ಅಂದರು ಮಾಮ, ತಮ್ಮ ಹಕ್ಕಿಗೆ ಯಾರೋ ಕೈ ಹಾಕಿದಂತೆ. "ನಾನು ಹಿಂದ ಟಿಕೆಟ್ ಹರೀತಿದ್ದೆ."

"ನಿಮಗ ಕೇಳಬಾರದು ಅಂತನ ಹಂಗ ಹಾಡಿದ್ರು."

"ಯಾವ ಹಾಡು ಅವ್ವಾ?" ಅಂತ ನಾನು ಕೇಳಿದೆ.

ಅವ್ವ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ನಾನು ಎಂದೂ ಕಾಣದ, ಇಪ್ಪತ್ತರ ಹರೆಯದ ಯಾರೋ ಒಬ್ಬಳು ಇದ್ದಳು. "ಅದು ನಿಮಗ್ಯಾಕ?" ಅಂದಳು.

ಅಕ್ಕ ಎಷ್ಟು ಕಾಡಿದರೂ ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಅಕ್ಕನಿಗೆ ಹೇಳಿದೆ: "ನೋಡು, ನಾನೂ ಬಾನೆಟ್ ಮ್ಯಾಲೆ ಇದ್ದೆ. ಅಪ್ಪ ಹಾಡಿದ್ದು ಕೇಳೇನಿ."

"ಹೊಟ್ಯಾಗ ಕುಂತು ಕೇಳ್ಯಾಳಂತ," ಅಂದಳು ಅಕ್ಕ. "ನಾನು ತೊಡಿ ಮ್ಯಾಲೆ ಇದ್ದೆ. ನನಗ ನೆನಪಿಲ್ಲದ್ದು ನಿನಗ ನೆನಪಿತ್ತೇನು? ಅದೂ ಅಲ್ಲದ ನೀನು ಸಂಡೂರ ಘಟ್ಟ ಅಂತ ಬರದಿ. ಅದು ಕಂಪ್ಲಿ ರೋಡು. ಏರು ಎಲ್ಲಿಂದ ಬಂತು?"

ಅವಳ ಮಾತು ಸರಿ. ಹೊಟ್ಟೆಯೊಳಗಿನ ಕೂಸು ಹಾಡನ್ನು ನೆನಪಿಟ್ಟುಕೊಂಡಿತ್ತು ಅಂತ ನಾನೂ ನಂಬುವುದಿಲ್ಲ. ಮಾಮನ ಹಾಡು, ಅಕ್ಕನ ಬಾನೆಟ್ಟು, ಸಂಡೂರಿನ ಏರು, ಇವನ್ನೆಲ್ಲ ನನ್ನ ಆಸೆ ಒಂದು ಕಡೆ ಸೇರಿಸಿ ಹೊಲಿದಿತ್ತು. ಎಲ್ಲರ ಬಟ್ಟೆಯ ತುಂಡುಗಳಿಂದ ನಾನು ನನಗೊಂದು ಅಂಗಿ ಮಾಡಿಕೊಂಡಿದ್ದೆ. ಅದು ಅಪ್ಪನ ಅಳತೆಗೆ ಸರಿಹೋದದ್ದು ಆಕಸ್ಮಿಕ.

ಆದರೆ ಗ್ರಂಥಾಲಯದಲ್ಲಿ ನಾನು ಹೇಳಿದ ಮಾತುಗಳಲ್ಲಿ ಒಂದು ದೊಡ್ಡದು ಬಿಟ್ಟುಹೋಗಿತ್ತು ಅಂತ ನನಗೆ ಆ ಬಸ್ಸಿನಲ್ಲಿ ಹೊಳೆಯಿತು. ಕವಿ ಒಬ್ಬನೇ ಕೂತು ನೆನಪನ್ನು ಒರೆಸುತ್ತಾನೆ ಅಂದಿದ್ದೆ. ಅಗಲಿದವರ ವಿಷಯದಲ್ಲಿ ನಿಜವಾದ ಕಷ್ಟ ನೆನಪು ಕಡಿಮೆ ಇರುವುದಲ್ಲ. ಅದನ್ನು ಇನ್ನೊಬ್ಬರ ನೆನಪಿನ ಪಕ್ಕ ಇಟ್ಟು ನೋಡದೇ ಇರುವುದು. ನಮ್ಮ ಮನೆಯಲ್ಲಿ ಮೂರು ಜನರ ಬಳಿ ಮೂರು ಅಪ್ಪಂದಿರಿದ್ದರು. ಮೂವರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ. ನನ್ನ ಕವಿತೆ ಸರಿಯಾಗಿದ್ದಿದ್ದರೆ ಅಕ್ಕ ಎದ್ದು ನಿಲ್ಲುತ್ತಿರಲಿಲ್ಲ. ಅವ್ವ ವಡ್ಡಿಗೆ ಬರುತ್ತಿರಲಿಲ್ಲ.

ಈಗ ನನ್ನ ತರಗತಿಯಲ್ಲಿ ಮಕ್ಕಳಿಗೆ ಮನೆಯವರ ಬಗ್ಗೆ ಬರೆಯಲು ಹೇಳಿದಾಗ, ಬರೆದದ್ದನ್ನು ಮೊದಲು ಮನೆಯಲ್ಲಿ ಗಟ್ಟಿಯಾಗಿ ಓದಿ ಬನ್ನಿ ಅನ್ನುತ್ತೇನೆ. ಸಂಡೂರಿನ ಕಡೆಯ ಒಬ್ಬ ಹುಡುಗಿ ತೀರಿಹೋದ ತನ್ನ ಅಜ್ಜಿಯ ಮೇಲೆ ಬರೆದಿದ್ದಳು. ಅಜ್ಜಿ ಮಾಡುತ್ತಿದ್ದ ರೊಟ್ಟಿ ಹುಣ್ಣಿಮೆಯ ಚಂದ್ರನ ಹಾಗೆ ದುಂಡಗಿತ್ತು ಅಂತ. ಮರುದಿನ ಬಂದು ಹೇಳಿದಳು: "ಮೇಡಂ, ನಮ್ಮಪ್ಪ ನಕ್ಕುಬಿಟ್ರು. ಅಜ್ಜಿಗೆ ರೊಟ್ಟಿ ಬಡಿಯಾಕ ಬರ್ತಿದ್ದಿಲ್ಲಂತ. ದುಂಡಗ ಬರ್ತಿದ್ದಿಲ್ಲಂತ ತಾತ ದಿನಾ ಬೈತಿದ್ರಂತ." ಅವಳು ಚಂದ್ರನನ್ನು ತೆಗೆದು ಹಾಕಿ, ತಾತನನ್ನು ಸೇರಿಸಿದಳು. ಕವಿತೆ ಮೊದಲಿಗಿಂತ ಎಷ್ಟೋ ಚೆನ್ನಾಯಿತು.

ನನ್ನ ಕವಿತೆಯನ್ನು ನಾನು ಹೇಗೆ ತಿದ್ದಬೇಕು ಅಂತ ತಿಳಿಯಲಿಲ್ಲ. ಬಾನೆಟ್ಟಿನ ಮೇಲೆ ಅಕ್ಕನನ್ನು ಕೂರಿಸಿ ನೋಡಿದೆ. ಅವ್ವನನ್ನು ಕೂರಿಸಿ ನೋಡಿದೆ. ಅವ್ವನನ್ನು ಕೂರಿಸಿದ ಕವಿತೆಯನ್ನು ಅವಳಿಗೇ ಓದಿ ಹೇಳಿದೆ, ಹೋಟೆಲಿನಲ್ಲಿ ಗಿರಾಕಿಗಳು ಕಡಿಮೆಯಿದ್ದ ಹೊತ್ತಿನಲ್ಲಿ. ಕೇಳಿ, ತಲೆ ಅಲ್ಲಾಡಿಸಿದಳು.

"ಇದು ಬ್ಯಾಡ. ನನ್ನದು ನನಗ ಇರ್ಲಿ. ಮೊದಲ ಬರದದ್ದ ಚಲೋ ಐತಿ."

"ಅದು ಸುಳ್ಳಲ್ಲ ಅವ್ವಾ? ಘಟ್ಟದಾಗ ಅಪ್ಪ ಹಾಡಿದ್ದಿಲ್ಲ."

"ಹಾಡಬೇಕು ಅಂತ ಇತ್ತು ಅವ್ರಿಗೆ. ನಾಚಿಕಿ. ನಿನ್ನ ಕವಿತ್ಯಾಗರ ಹಾಡ್ಲಿ ಬಿಡು."

ಹಾಗಾಗಿ ಕವಿತೆ ಒಂದಕ್ಷರವೂ ಬದಲಾಗದೆ ನನ್ನ ಹೊಸ ಸಂಕಲನದಲ್ಲಿ ಅಚ್ಚಾಯಿತು. ಅಕ್ಕ ತನ್ನ ಪ್ರತಿಯಲ್ಲಿ ಆ ಪುಟದ ಅಂಚಿಗೆ ಪೆನ್ನಿನಿಂದ ತಿದ್ದುಪಡಿ ಬರೆದು, ಕಂಪ್ಲಿಗೆ ಬಂದ ನೆಂಟರಿಗೆಲ್ಲ ತೋರಿಸುತ್ತಾಳಂತೆ.

ಅವ್ವ ಮಾತ್ರ ಬದಲಾಗಿದ್ದಾಳೆ. ಒಂದು ಸಲ ಬಾಯಿ ಬಿಟ್ಟವಳು ಈಗ ನಿಲ್ಲಿಸುವುದಿಲ್ಲ. ಫೋನ್ ಮಾಡಿದರೆ ಅಪ್ಪ, ಊಟಕ್ಕೆ ಕೂತರೆ ಅಪ್ಪ. ಮಿರ್ಚಿ ಕೇಳಲು ಬಂದ ಲಾರಿ ಡ್ರೈವರುಗಳಿಗೂ, "ನಮ್ಮನಿಯವ್ರೂ ಡ್ರೈವರ್ ಇದ್ರು, ನಿಮ್ಮಂಗ ಹಾರ್ನ್ ಹೊಡಿತಿದ್ದಿಲ್ಲ" ಅಂತ ಬುದ್ಧಿ ಹೇಳುತ್ತಾಳೆ.

ಈ ಸಲ ಮಳೆಗಾಲದಲ್ಲಿ ಡ್ಯಾಮಿನ ಗೇಟು ತೆಗೆದಿದ್ದಾರೆ ಅಂತ ಗೊತ್ತಾಗಿ ಮೂವರೂ ನೋಡಲು ಹೋದೆವು. ಅರ್ಧ ಹೊಸಪೇಟೆ ಅಲ್ಲೇ ಇತ್ತು. ನೀರಿನ ಹನಿ ಮುಖಕ್ಕೆ ಸಿಡಿಯುತ್ತಿತ್ತು. ಸುಟ್ಟ ಮೆಕ್ಕೆಜೋಳ ತಿನ್ನುತ್ತಾ ನಾವು ಮೊದಲಿದ್ದ ಓಣಿಯ ಕಡೆ ನಡೆದೆವು. ಸಿಬ್ಬಂದಿಯ ಕ್ವಾರ್ಟರ್ಸಿನ ಪಕ್ಕದ ಬಯಲು ಕಂಡಾಗ ಅಕ್ಕ ಹೇಳಿದಳು:

"ಇಲ್ಲೆ ಅಪ್ಪ ನನ್ನ ಸೈಕಲ್ ಮ್ಯಾಲೆ ಸಾಲಿಗೆ ಬಿಡ್ತಿದ್ದ. ಮುಂದಿನ ಬಾರ್ ಮ್ಯಾಲೆ ಟವಲ್ ಸುತ್ತಿ ಕುಂದ್ರಸ್ತಿದ್ದ. ಎಷ್ಟ್ ಜೋರು ಹೊಡಿತಿದ್ದ ಅಂತಿ."

ಅವ್ವ ನಿಂತುಬಿಟ್ಟಳು. "ಯಾರು, ನಿಮ್ಮಪ್ಪ? ಅವ್ರಿಗೆ ಸೈಕಲ್ ಬರ್ತಿದ್ದಿಲ್ಲ."

"ಅವ್ವಾ, ಬಸ್ ಹೊಡಿಯಾವಗ ಸೈಕಲ್ ಬರ್ತಿದ್ದಿಲ್ಲೇನು?"

"ಇಲ್ಲ. ತಳ್ಳಿಕೊಂಡು ಹೋಗ್ತಿದ್ರು. ನೀನು ಮ್ಯಾಲೆ ರಾಣಿಯಂಗ ಕುಂತಿರ್ತಿದ್ದಿ, ಅವ್ರು ಪಕ್ಕಕ್ಕ ನಡಕೊಂತ. ಸೈಕಲ್ ಬರ್ತಿದ್ದಾಕಿ ನಾನು, ಕಂಪ್ಲ್ಯಾಗ ಕಲ್ತಿದ್ದೆ. ಇದ ಬಯಲಾಗ ಅವ್ರಿಗೆ ಕಲಸಾಕ ಹೋಗಿ ಸಾಕಾಗಿತ್ತು."

ಅಕ್ಕನ ಕೈಯಲ್ಲಿದ್ದ ಮೆಕ್ಕೆಜೋಳ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. ಗಾಳಿ, ವೇಗ, ಟವಲ್ಲಿನ ಮೆದುತನ, ಎಲ್ಲವೂ ಅವಳ ಮುಖದಲ್ಲಿ ಒಂದೊಂದಾಗಿ ಜಾಗ ಬದಲಿಸುತ್ತಿದ್ದವು. ಅವಳಿಗೆ ಏನಾಗುತ್ತಿದೆ ಅಂತ ನನಗಿಂತ ಚೆನ್ನಾಗಿ ಯಾರಿಗೂ ತಿಳಿಯುವಂತಿರಲಿಲ್ಲ. ನಾನು ಅವಳ ತೋಳು ಹಿಡಿದೆ.

"ಇದನ್ನ ಬರಿಬ್ಯಾಡ ಮತ್ತ," ಅಂದಳು ಅಕ್ಕ.

ನಾನು ಮಾತು ಕೊಡಲಿಲ್ಲ. ಅವ್ವ ನಮ್ಮಿಬ್ಬರಿಗಿಂತ ಮುಂದೆ ಹೋಗಿ, ಬಯಲಿನ ಅಂಚಿನ ಕಾಲುವೆ ತೋರಿಸುತ್ತಾ, ಅಪ್ಪ ಮೊದಲ ದಿನವೇ ಸೈಕಲ್ಲಿನ ಸಮೇತ ಅದಕ್ಕೆ ಹೇಗೆ ಬಿದ್ದ ಅಂತ ಆಗಲೇ ಹೇಳತೊಡಗಿದ್ದಳು.